ಚಳಿಗಾಲದ ಬೆಳಗಿನಲ್ಲಿ ಚಾಲೂ ಆಗದ ಡೀಸೆಲ್ ಎಂಜಿನು: ಕಾವು ಕೊಡುವ ವಿದ್ಯುತ್ ಸಾಧನಗಳ ದೋಷವನ್ನು ಕಂಡುಹಿಡಿಯುವ ಕ್ರಮ

ದಾವಣಗೆರೆ ಜಿಲ್ಲೆ ನ್ಯಾಮತಿ ತಾಲ್ಲೂಕಿನ ಗೋವಿನಕೋವಿ ಮತ್ತು ಅದರ ಸುತ್ತಣ ಗ್ರಾಮಗಳಲ್ಲಿ ಭತ್ತ, ಮೆಕ್ಕೆಜೋಳ, ಅಡಿಕೆ ಇವು ಮುಖ್ಯವಾದ ಬೆಳೆಗಳು. 1997ರಲ್ಲಿ ದಾವಣಗೆರೆ ಜಿಲ್ಲೆಯು ರಚಿತವಾಗುವವರೆಗೆ ಈ ಸೀಮೆಯು ಶಿವಮೊಗ್ಗ ಜಿಲ್ಲೆಯ ಹೊನ್ನಾಳಿ ತಾಲ್ಲೂಕಿಗೆ ಸೇರಿತ್ತು. ಹಿಂದೆ ಎತ್ತುಗಳಿಂದ ನಡೆಯುತ್ತಿದ್ದ ಉಳುಮೆ, ಒಕ್ಕಣೆ, ಸಾಗಣೆಗಳ ಬಹುಭಾಗವು ಈಗ ಟ್ರಾಕ್ಟರು, ಭತ್ತದ ಕಟಾವು ಯಂತ್ರ, ಲಾರಿ ಮುಂತಾದ ಡೀಸೆಲ್ ಎಂಜಿನುಗಳಿಂದಲೇ ನಡೆಯುತ್ತದೆ. ಎತ್ತಿನ ರೋಗಲಕ್ಷಣಗಳನ್ನು ಬಲ್ಲ ರೈತನಿಗೆ ಎಂಜಿನಿನ ರೋಗಲಕ್ಷಣಗಳ ಪರಿಚಯವೂ ಇರುವುದು ಈಗ ಅವಶ್ಯವಾಗಿದೆ.

ಮಾರ್ಗಶಿರ, ಪುಷ್ಯ ಮಾಸಗಳ ಬೆಳಗಿನಲ್ಲಿ ಈ ಪ್ರಾಂತ್ಯದ ಉಷ್ಣತೆಯು ಸಾಧಾರಣವಾಗಿ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಕೆಲವು ದಿನಗಳಲ್ಲಿ ಅದಕ್ಕೂ ಕೆಳಗೆ ಹೋಗುವುದುಂಟು. ಸುಗ್ಗಿಯ ಕೆಲಸವು ಒತ್ತಿ ಬಂದಿರುವ ಈ ದಿನಗಳಲ್ಲಿಯೇ, ಹಿಂದಿನ ಸಂಜೆ ಚೆನ್ನಾಗಿ ನಡೆದ ಎಂಜಿನು ಬೆಳಗ್ಗೆ ಎಷ್ಟು ತಿರುಗಿಸಿದರೂ ಚಾಲೂ ಆಗದೆ ನಿಲ್ಲುತ್ತದೆ. ಕೂಲಿಯಾಳುಗಳು ಗದ್ದೆಯ ಬದುವಿನಲ್ಲಿ ಕಾಯುತ್ತಾರೆ. ಒಣಗಿ ನಿಂತ ತೆನೆಯಿಂದ ಕಾಳು ಉದುರುತ್ತದೆ. ಮೋಡ ಕವಿದರಂತೂ ಚಿಂತೆಯು ಇಮ್ಮಡಿಯಾಗುತ್ತದೆ. ಈ ಆತುರದಲ್ಲಿ ಕಣ್ಣಿಗೆ ಕಂಡ ಭಾಗವನ್ನು ಬಿಚ್ಚಿ ಹೊಸದನ್ನು ಹಾಕಿಸುವುದು ವಾಡಿಕೆಯಾಗಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗುವುದು ಇಂತಹ ವೇಳೆಯಲ್ಲಿಯೇ. ಯಾವ ಭಾಗವನ್ನೂ ಕೊಳ್ಳುವುದಕ್ಕೆ ಮುಂಚೆ ವಿದ್ಯುತ್ತು ಎಲ್ಲಿಯವರೆಗೆ ಬಂದು ಎಲ್ಲಿ ನಿಂತಿದೆ ಎಂಬುದನ್ನು ಅಳೆದು ನೋಡಿದರೆ ಹಣವೂ ಕಾಲವೂ ಉಳಿಯುತ್ತವೆ. ಹಾಗೆ ಅಳೆಯುವ ಕ್ರಮವನ್ನು ಈ ಕರಪತ್ರದಲ್ಲಿ ವಿವರಿಸಲಾಗಿದೆ.

1. ಎಂಜಿನಿಗೆ ಕಾವು ಏಕೆ ಬೇಕು

ಪೆಟ್ರೋಲ್ ಎಂಜಿನಿನಲ್ಲಿ ಇಂಧನಕ್ಕೆ ಬೆಂಕಿ ತಗುಲಿಸಲು ವಿದ್ಯುತ್ತಿನ ಕಿಡಿಯುಂಟು. ಡೀಸೆಲ್ ಎಂಜಿನಿನಲ್ಲಿ ಕಿಡಿಯಿಲ್ಲ. ಜರ್ಮನಿಯ ರುಡಾಲ್ಫ್ ಡೀಸೆಲ್ ಎಂಬಾತನು 1897ರಲ್ಲಿ ನಡೆಸಿ ತೋರಿಸಿದ ಈ ಯಂತ್ರದ ತತ್ತ್ವವು ಸರಳವಾದುದು. ಸಿಲಿಂಡರಿನೊಳಗೆ ಬಂದ ಗಾಳಿಯನ್ನು ಪಿಸ್ಟನ್ನು ಒತ್ತಿ, ಅದರ ಮೊದಲಿನ ಗಾತ್ರದ ಸುಮಾರು 16ರಿಂದ 20ನೆಯ ಒಂದು ಭಾಗಕ್ಕೆ ಇಳಿಸುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಕೊಳವೆಯು ಬಿಸಿಯಾಗುವಂತೆ, ಹೀಗೆ ಒತ್ತಲ್ಪಟ್ಟ ಗಾಳಿಯು 500 ಡಿಗ್ರಿಗೂ ಮೇಲೆ ಕಾಯುತ್ತದೆ. ಆಗ ಇಂಜೆಕ್ಟರು ಸಿಂಪಡಿಸುವ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ.

ಎಂಜಿನು ತಣ್ಣಗಿದ್ದಾಗ ಈ ಕಾವಿನಲ್ಲಿ ಒಂದು ಭಾಗವನ್ನು ಸಿಲಿಂಡರಿನ ಕಬ್ಬಿಣವೇ ಹೀರಿಕೊಳ್ಳುತ್ತದೆ. ಎಂಜಿನು ನಿಧಾನವಾಗಿ ತಿರುಗಿದರೆ ಗಾಳಿಯು ರಿಂಗುಗಳ ಸಂದಿನಲ್ಲಿ ಸೋರಿಹೋಗಲು ಕಾಲಾವಕಾಶವೂ ದೊರೆಯುತ್ತದೆ. ಈ ಕೊರತೆಯನ್ನು ತುಂಬುವುದಕ್ಕಾಗಿಯೇ ಚಾಲೂ ಮಾಡುವ ಮೊದಲು ಕಾವು ಕೊಡುವ ವಿದ್ಯುತ್ ಸಾಧನಗಳನ್ನು ಅಳವಡಿಸಿರುತ್ತಾರೆ. ಕೈಯಿಂದ ತಿರುಗಿಸುವ ಹಳೆಯ ನೀರಾವರಿ ಎಂಜಿನುಗಳಲ್ಲಿ ಇಂತಹ ಸಾಧನವಿಲ್ಲ. ಅವುಗಳಲ್ಲಿ ಒತ್ತಡವನ್ನು ಸಡಿಲಿಸುವ ಸನ್ನೆಯನ್ನು ಎತ್ತಿ, ವೇಗವಾಗಿ ತಿರುಗಿಸಿ, ಸನ್ನೆಯನ್ನು ಬಿಟ್ಟೊಡನೆ ಎಂಜಿನು ಹೊತ್ತಿಕೊಳ್ಳುತ್ತದೆ. ಚಾಲೂ ಆಗುವುದಕ್ಕೆ ವೇಗ, ಇಂಧನ, ಕಾವು ಎಂಬ ಮೂರೂ ಕೂಡಿರಬೇಕೆಂಬುದನ್ನು ರೈತನು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳತಕ್ಕದ್ದು.

2. ಕಾವು ಕೊಡುವ ಸಾಧನಗಳ ಬಗೆಗಳು

ಮೊದಲನೆಯದು ಗ್ಲೋ ಪ್ಲಗ್. ಇದು ಬೆರಳಿನಷ್ಟು ಉದ್ದದ ಒಂದು ಕಡ್ಡಿ. ಸಿಲಿಂಡರಿಗೆ ಒಂದರಂತೆ ಇದ್ದು, ಅದರ ತುದಿಯು ಇಂಧನ ಉರಿಯುವ ಸ್ಥಳದೊಳಕ್ಕೆ ಚಾಚಿರುತ್ತದೆ. ವಿದ್ಯುತ್ತು ಹರಿದಾಗ ತುದಿಯು ಕೆಂಡದಂತೆ ಕೆಂಪಾಗುತ್ತದೆ. ಒಂದೊಂದು ಕಡ್ಡಿಯೂ ಆರಂಭದಲ್ಲಿ ಹೆಚ್ಚು ವಿದ್ಯುತ್ತನ್ನು ಎಳೆದು, ಕಾದ ಮೇಲೆ ಸಾಮಾನ್ಯವಾಗಿ 8ರಿಂದ 15 ಆಂಪಿಯರಿನಷ್ಟಕ್ಕೆ ಇಳಿಯುತ್ತದೆ.

ಎರಡನೆಯದು ಗಾಳಿಯ ಹೀಟರು. ಗಾಳಿಯು ಎಂಜಿನಿಗೆ ಹೋಗುವ ಮ್ಯಾನಿಫೋಲ್ಡಿನ ಬಾಯಲ್ಲಿ ಪಟ್ಟಿಗಳ ಒಂದು ಜಾಲರಿಯಿದ್ದು, ಅದು ಒಳಗೆ ಹೋಗುವ ಗಾಳಿಯನ್ನೇ ಬಿಸಿಮಾಡುತ್ತದೆ. ದೊಡ್ಡ ಎಂಜಿನುಗಳಲ್ಲಿ ಇದು ಹೆಚ್ಚು. 12 ವೋಲ್ಟಿನ ಇಂತಹ ಹೀಟರು 100 ಆಂಪಿಯರಿನಷ್ಟು ಅಥವಾ ಅದಕ್ಕೂ ಹೆಚ್ಚು ವಿದ್ಯುತ್ತನ್ನು ಎಳೆಯುವುದುಂಟು.

ಮೂರನೆಯದು ಉರಿಯಿಂದ ಕಾವು ಕೊಡುವ ಸಾಧನ. ಇದನ್ನು ಥರ್ಮೋಸ್ಟಾರ್ಟ್ ಎಂದು ಕರೆಯುತ್ತಾರೆ. ಹಳೆಯ ಅನೇಕ ಟ್ರಾಕ್ಟರುಗಳಲ್ಲಿ ಇದುಂಟು. ಇದರಲ್ಲಿ ತಂತಿಯ ಸುರುಳಿಯು ಕಾದಾಗ ಒಳಗಿನ ಸಣ್ಣ ಕವಾಟವು ತೆರೆದುಕೊಂಡು, ಡೀಸೆಲ್ ತೊಟ್ಟಿಕ್ಕಿ, ಅದೇ ಸುರುಳಿಯಿಂದ ಹೊತ್ತಿಕೊಂಡು ಒಳಹೋಗುವ ಗಾಳಿಯನ್ನು ಬಿಸಿಮಾಡುತ್ತದೆ. ಕೀಲಿಯನ್ನು ಕಾವಿನ ಸ್ಥಾನದಲ್ಲಿ 15ರಿಂದ 20 ಸೆಕೆಂಡು ಹಿಡಿದು, ಆಮೇಲೆ ತಿರುಗಿಸುವುದು ಇದರ ಕ್ರಮ. ಈ ಸಾಧನಕ್ಕೆ ವಿದ್ಯುತ್ತು ಮಾತ್ರವಲ್ಲದೆ ಇಂಧನವೂ ಬರಬೇಕಾದುದರಿಂದ, ತಂತಿಯೆಲ್ಲವೂ ಸರಿಯಿದ್ದು ಸಣ್ಣ ಡೀಸೆಲ್ ಕೊಳವೆಯು ಬರಿದಾಗಿದ್ದರೂ ಇದು ಕೆಲಸ ಮಾಡದು.

ತನ್ನ ಯಂತ್ರದಲ್ಲಿರುವುದು ಈ ಮೂರರಲ್ಲಿ ಯಾವುದೆಂಬುದನ್ನು ಯಂತ್ರದ ಕೈಪಿಡಿಯಿಂದ ತಿಳಿದುಕೊಳ್ಳುವುದು ಮಾಲೀಕನ ಮೊದಲ ಕೆಲಸ. ಯಾವುದೂ ಇಲ್ಲದ ಎಂಜಿನುಗಳೂ ಇವೆ.

3. ವಿದ್ಯುತ್ತು ಹರಿಯುವ ದಾರಿ

ನಾಲೆಯ ನೀರನ್ನು ಬಲ್ಲವರಿಗೆ ಈ ದಾರಿಯು ಸುಲಭವಾಗಿ ತಿಳಿಯುತ್ತದೆ. ಬ್ಯಾಟರಿಯು ಕೆರೆಯಿದ್ದಂತೆ, ವೋಲ್ಟೇಜು ನೀರಿನ ಮಟ್ಟವಿದ್ದಂತೆ, ಆಂಪಿಯರು ಹರಿಯುವ ನೀರಿನ ಪ್ರಮಾಣವಿದ್ದಂತೆ. ಬ್ಯಾಟರಿಯ ಪ್ಲಸ್ ತುದಿಯಿಂದ ಹೊರಟ ವಿದ್ಯುತ್ತು ಫ್ಯೂಸನ್ನು ದಾಟಿ, ರಿಲೇಯ ಒಂದು ದಪ್ಪ ಬೋಲ್ಟಿಗೆ ಬರುತ್ತದೆ. ರಿಲೇ ಎಂದರೆ ತೂಬು. ಅದು ತೆರೆದಾಗ ವಿದ್ಯುತ್ತು ಇನ್ನೊಂದು ಬೋಲ್ಟಿನ ಮೂಲಕ ಹೀಟರಿಗೋ ಗ್ಲೋ ಪ್ಲಗ್ಗಿಗೋ ಹೋಗಿ, ಎಂಜಿನಿನ ಕಬ್ಬಿಣದ ಮೈಯ ಮೂಲಕ ಹಾದು, ಅರ್ತಿಂಗ್ ಪಟ್ಟಿಯಿಂದ ಬ್ಯಾಟರಿಯ ಮೈನಸ್ ತುದಿಗೆ ಹಿಂತಿರುಗುತ್ತದೆ. ಹಿಂತಿರುಗುವ ದಾರಿಯು ಕೆಟ್ಟರೂ ಹೋಗುವ ದಾರಿ ಕೆಟ್ಟಷ್ಟೇ ನಷ್ಟವು. ಇದನ್ನು ಬಹುಮಂದಿ ಮರೆಯುತ್ತಾರೆ.

ಈ ತೂಬನ್ನು ಎತ್ತುವುದಕ್ಕೆ ಇನ್ನೊಂದು ಸಣ್ಣ ದಾರಿಯುಂಟು. ಕೀ ಸ್ವಿಚ್ಚಿನಿಂದ, ಅಥವಾ ಎಂಜಿನಿನ ಉಷ್ಣತೆಯನ್ನು ನೋಡಿ ಕಾಲವನ್ನು ಗೊತ್ತುಮಾಡುವ ನಿಯಂತ್ರಕದಿಂದ, ರಿಲೇಯ ಸುರುಳಿಗೆ ಸಣ್ಣ ತಂತಿಗಳು ಹೋಗಿರುತ್ತವೆ. ಆದುದರಿಂದ ದೋಷವು ಎರಡು ದಾರಿಗಳಲ್ಲಿ ಯಾವುದರಲ್ಲಾದರೂ ಇರಬಹುದು: ನೀರು ಹರಿಯುವ ದೊಡ್ಡ ದಾರಿಯಲ್ಲಿ, ಇಲ್ಲವೆ ತೂಬನ್ನು ಎತ್ತುವ ಸಣ್ಣ ದಾರಿಯಲ್ಲಿ.

4. ಮೊದಲು ನೋಡತಕ್ಕ ಮೂರು ವಿಷಯಗಳು

ಹೀಟರಿಗೆ ಕೈಹಾಕುವ ಮುನ್ನ ಈ ಮೂರನ್ನು ವಿಚಾರಿಸತಕ್ಕದ್ದು.

(ಅ) ಎಂಜಿನು ಬಿರುಸಾಗಿ ತಿರುಗುತ್ತಿದೆಯೆ? 12 ವೋಲ್ಟಿನ ಬ್ಯಾಟರಿಯು ತುಂಬಿದ್ದು, ರಾತ್ರಿಯೆಲ್ಲಾ ವಿಶ್ರಾಂತಿಯಲ್ಲಿದ್ದರೆ ಬೆಳಗ್ಗೆ ಸುಮಾರು 12.6 ವೋಲ್ಟ್ ತೋರಿಸುತ್ತದೆ, 12.2 ತೋರಿಸಿದರೆ ಅರ್ಧ ಬರಿದಾಗಿದೆಯೆಂದೂ, 12ಕ್ಕಿಂತ ಕಡಮೆಯಾದರೆ ಬಹಳ ಬರಿದಾಗಿದೆಯೆಂದೂ ತಿಳಿಯಬೇಕು. ಸೆಲ್ಫ್ ತಿರುಗಿಸುವಾಗ ಇದು ಸುಮಾರು 9.6 ವೋಲ್ಟಿಗಿಂತ ಕೆಳಗೆ ಇಳಿಯಕೂಡದು. 24 ವೋಲ್ಟಿನ ಲಾರಿ ಮುಂತಾದುವುಗಳಲ್ಲಿ ಈ ಅಂಕಿಗಳನ್ನು ಇಮ್ಮಡಿಯಾಗಿ ತೆಗೆದುಕೊಳ್ಳಬೇಕು. ಬ್ಯಾಟರಿಯು ದುರ್ಬಲವಾಗಿದ್ದರೆ ಹೀಟರೂ ಕಾಯದು, ಎಂಜಿನೂ ತಿರುಗದು. ಆಗ ಹೀಟರನ್ನು ಪರೀಕ್ಷಿಸುವುದು ವ್ಯರ್ಥ.

(ಆ) ತಿರುಗಿಸುವಾಗ ಹೊಗೆ ಬರುತ್ತಿದೆಯೆ? ಹೊಗೆಯ ಕೊಳವೆಯಲ್ಲಿ ಬಿಳಿಯ ಹೊಗೆಯು ಕಾಣಿಸಿದರೆ ಇಂಧನವು ಸಿಲಿಂಡರಿಗೆ ಬರುತ್ತಿದೆ, ಆದರೆ ಹೊತ್ತಿಕೊಳ್ಳುತ್ತಿಲ್ಲವೆಂದು ಅರ್ಥ. ಆಗ ಕಾವಿನ ಸಾಧನವನ್ನು ಸಂಶಯಿಸುವುದು ನ್ಯಾಯ. ಹೊಗೆಯೇ ಇಲ್ಲದಿದ್ದರೆ ಇಂಧನವೇ ಬರುತ್ತಿಲ್ಲ. ಟ್ಯಾಂಕು, ಫಿಲ್ಟರು, ಕೊಳವೆಯೊಳಗಿನ ಗಾಳಿ, ಇಂಧನವನ್ನು ನಿಲ್ಲಿಸುವ ಸನ್ನೆ ಅಥವಾ ಸೊಲೆನಾಯ್ಡು ಇವುಗಳನ್ನು ನೋಡಬೇಕೇ ಹೊರತು ಹೀಟರನ್ನಲ್ಲ. ಈ ಒಂದು ಗುರುತು ಅನೇಕ ವ್ಯರ್ಥ ಖರ್ಚುಗಳನ್ನು ತಪ್ಪಿಸುತ್ತದೆ.

(ಇ) ಕಾವಿನ ಸಾಧನವು ಈಗ ಕೆಲಸ ಮಾಡಬೇಕಾಗಿದೆಯೆ? ನಿಯಂತ್ರಕವುಳ್ಳ ಎಂಜಿನುಗಳಲ್ಲಿ, ಎಂಜಿನು ಗೊತ್ತಾದ ಉಷ್ಣತೆಗಿಂತ ಬೆಚ್ಚಗಿದ್ದರೆ ಹೀಟರಿಗೆ ವಿದ್ಯುತ್ತೇ ಬರುವುದಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಪರೀಕ್ಷಿಸಿ, ವಿದ್ಯುತ್ತಿಲ್ಲವೆಂದು ರಿಲೇಯನ್ನು ಬದಲಿಸಿದರೆ ಹಣವು ನಷ್ಟವಾಗುವುದು. ಪರೀಕ್ಷೆಯನ್ನು ತಣ್ಣಗಿರುವ ಎಂಜಿನಿನಲ್ಲಿ, ಬೆಳಗಿನಲ್ಲಿಯೇ ಮಾಡತಕ್ಕದ್ದು. ಇದರಂತೆಯೇ ಚಾಲಕನ ಮುಂದೆ ಬೆಳಗುವ ಸುರುಳಿಯ ಚಿತ್ರದ ದೀಪವನ್ನೂ ಪೂರ್ಣವಾಗಿ ನಂಬಕೂಡದು. ಬಹಳ ಎಂಜಿನುಗಳಲ್ಲಿ ಆ ದೀಪವು ನಿಯಂತ್ರಕವು ಅಪ್ಪಣೆ ಕೊಟ್ಟಿದೆಯೆಂಬುದನ್ನು ಮಾತ್ರ ಹೇಳುತ್ತದೆ. ಅಪ್ಪಣೆಯು ನಡೆಯಿತೆಂದು ಹೇಳುವುದಿಲ್ಲ.

5. ದೋಷವನ್ನು ಹುಡುಕುವ ಕ್ರಮ

ಬೇಕಾದ ಸಲಕರಣೆಗಳು ಕೆಲವೇ: ಒಂದು ಮಲ್ಟಿಮೀಟರು, ತಂತಿ ಕಟ್ಟಿದ ಒಂದು ಪರೀಕ್ಷಾ ಬಲ್ಬು, ದೊರೆತರೆ ಡಿ.ಸಿ. ವಿದ್ಯುತ್ತನ್ನು ಅಳೆಯುವ ಕ್ಲ್ಯಾಂಪ್ ಮೀಟರು, ಉಪ್ಪುಕಾಗದ, ಸ್ಪಾನರುಗಳು. ಮೊದಲು ಗೇರನ್ನು ನ್ಯೂಟ್ರಲಿನಲ್ಲಿಟ್ಟು, ಬ್ರೇಕನ್ನು ಬಿಗಿದು, ಚಕ್ರಕ್ಕೆ ಕಲ್ಲು ಕೊಡಬೇಕು. ಕೈಯ ಉಂಗುರ, ಕಡಗ, ಗಡಿಯಾರಗಳನ್ನು ತೆಗೆದಿಡಬೇಕು. ದಪ್ಪ ಬೋಲ್ಟಿಗೂ ಎಂಜಿನಿನ ಮೈಗೂ ನಡುವೆ ಉಂಗುರವು ಸಿಕ್ಕಿದರೆ ಕ್ಷಣಮಾತ್ರದಲ್ಲಿ ಬೆರಳು ಸುಡುತ್ತದೆ.

ಮೊದಲನೆಯ ಹೆಜ್ಜೆ. ಒಬ್ಬನು ಕೀಲಿಯನ್ನು ಕಾವಿನ ಸ್ಥಾನಕ್ಕೆ ತಿರುಗಿಸಿ ಹಿಡಿದಿರಲಿ. ಇನ್ನೊಬ್ಬನು ಹೀಟರಿನ ಅಥವಾ ಗ್ಲೋ ಪ್ಲಗ್ಗಿನ ಬೋಲ್ಟಿಗೂ ಎಂಜಿನಿನ ಮೈಗೂ ನಡುವೆ ವೋಲ್ಟೇಜನ್ನು ಅಳೆಯಲಿ. ಅದೇ ಸಮಯದಲ್ಲಿ ಬ್ಯಾಟರಿಯ ಎರಡು ತುದಿಗಳ ನಡುವಣ ವೋಲ್ಟೇಜನ್ನೂ ಗುರುತಿಸಿಕೊಳ್ಳಬೇಕು. ಇವುಗಳ ಫಲವು ಮೂರು ಬಗೆಯಾಗಿರಬಹುದು.

ಹೀಟರಿನ ಬಳಿ ವೋಲ್ಟೇಜು ಸೊನ್ನೆಯಾದರೆ, ವಿದ್ಯುತ್ತು ದಾರಿಯಲ್ಲಿಯೇ ನಿಂತಿದೆ. ಎರಡನೆಯ ಹೆಜ್ಜೆಗೆ ಹೋಗಬೇಕು. ಬ್ಯಾಟರಿಗಿಂತ ಅರ್ಧ ವೋಲ್ಟಿಗೂ ಮೀರಿ ಕಡಮೆಯಾಗಿದ್ದರೆ, ದಾರಿಯಲ್ಲಿ ಎಲ್ಲಿಯೋ ತಡೆಯಿದೆ. ಮೂರನೆಯ ಹೆಜ್ಜೆಗೆ ಹೋಗಬೇಕು. ಬ್ಯಾಟರಿಯಷ್ಟೇ ವೋಲ್ಟೇಜು ಬಂದಿದ್ದೂ ಹೀಟರು ಕಾಯದಿದ್ದರೆ, ಹೀಟರೇ ಕಡಿದಿದೆ ಅಥವಾ ಅದರ ಅರ್ತಿಂಗ್ ಹಿಡಿದಿಲ್ಲ. ನಾಲ್ಕನೆಯ ಹೆಜ್ಜೆಗೆ ಹೋಗಬೇಕು.

ಎರಡನೆಯ ಹೆಜ್ಜೆ. ಹೀಟರಿನಿಂದ ಬ್ಯಾಟರಿಯ ಕಡೆಗೆ ಹಿಂದಕ್ಕೆ ನಡೆಯಬೇಕು. ರಿಲೇಯ ಹೊರಹೋಗುವ ಬೋಲ್ಟಿನಲ್ಲಿ ವೋಲ್ಟೇಜು ಇದ್ದು ಹೀಟರಿನಲ್ಲಿ ಇಲ್ಲದಿದ್ದರೆ ನಡುವಣ ತಂತಿಯು ಕಡಿದಿದೆ. ಹೊರಹೋಗುವ ಬೋಲ್ಟಿನಲ್ಲಿ ಇಲ್ಲದೆ ಒಳಬರುವ ಬೋಲ್ಟಿನಲ್ಲಿ ಇದ್ದರೆ ತೂಬು ತೆರೆದಿಲ್ಲ. ಒಳಬರುವ ಬೋಲ್ಟಿನಲ್ಲಿಯೂ ಇಲ್ಲದಿದ್ದರೆ ಫ್ಯೂಸು ಕರಗಿದೆ ಅಥವಾ ಬ್ಯಾಟರಿಯಿಂದ ಬರುವ ತಂತಿಯು ಕಡಿದಿದೆ. ತೂಬು ತೆರೆಯದಿದ್ದಾಗ, ಕೀಲಿಯನ್ನು ಕಾವಿನ ಸ್ಥಾನದಲ್ಲಿ ಹಿಡಿದು, ರಿಲೇಯ ಎರಡು ಸಣ್ಣ ತುದಿಗಳ ನಡುವೆ ಅಳೆಯಬೇಕು. ಅಲ್ಲಿ ಬ್ಯಾಟರಿಯ ವೋಲ್ಟೇಜು ಬರುತ್ತಿದ್ದೂ ರಿಲೇಯು ತೆರೆಯದಿದ್ದರೆ ರಿಲೇಯು ಕೆಟ್ಟಿದೆ. ಅಲ್ಲಿಗೆ ಬರದಿದ್ದರೆ ಕೀ ಸ್ವಿಚ್ಚು, ಅದರ ಸಣ್ಣ ಫ್ಯೂಸು, ನಿಯಂತ್ರಕ, ಉಷ್ಣತೆಯನ್ನು ತಿಳಿಸುವ ಸೆನ್ಸರು, ಸಣ್ಣ ತಂತಿಗಳು ಇವುಗಳಲ್ಲಿ ದೋಷವಿದೆ. ಧಾನ್ಯದ ಮೂಟೆಗಳಿರುವ ಕೊಟ್ಟಿಗೆಯಲ್ಲಿ ನಿಲ್ಲಿಸಿದ ಯಂತ್ರಗಳಲ್ಲಿ ಇಲಿಗಳು ಸಣ್ಣ ತಂತಿಗಳನ್ನು ಕಡಿಯುವುದು ಸಾಮಾನ್ಯವಾದುದರಿಂದ, ಈ ತಂತಿಗಳನ್ನು ಉದ್ದಕ್ಕೂ ಕಣ್ಣಿಟ್ಟು ನೋಡಬೇಕು.

ಕರಗಿದ ಫ್ಯೂಸನ್ನು ಕಂಡರೆ ಅದೇ ಗಾತ್ರದ ಹೊಸ ಫ್ಯೂಸನ್ನು ಮಾತ್ರ ಹಾಕತಕ್ಕದ್ದು. ಅದು ಮತ್ತೆ ಕರಗಿದರೆ ತಂತಿಯು ಎಲ್ಲಿಯೋ ಮೈಗೆ ತಾಗುತ್ತಿದೆ. ಆ ಸ್ಥಳವನ್ನು ಹುಡುಕದೆ ದಪ್ಪ ತಂತಿಯನ್ನು ಸುತ್ತುವುದು ಕೊಟ್ಟಿಗೆಗೆ ಬೆಂಕಿ ಇಡುವುದಕ್ಕೆ ಸಮಾನ.

ಮೂರನೆಯ ಹೆಜ್ಜೆ. ತಡೆಯಿರುವ ಸ್ಥಳವನ್ನು ಕಂಡುಹಿಡಿಯಲು ಹೀಟರು ಕಾಯುತ್ತಿರುವಾಗಲೇ ಅಳೆಯಬೇಕು. ಇದಕ್ಕೆ ಕಾರಣವುಂಟು. ನಾಲೆಯ ಕೊನೆಯ ತೂಬನ್ನು ಮುಚ್ಚಿದ್ದರೆ, ನಡುವೆ ಎಷ್ಟು ಹೂಳು ತುಂಬಿದ್ದರೂ ನೀರು ನಿಧಾನವಾಗಿ ಬಂದು ಎಲ್ಲ ಕಡೆಗೂ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಕೊನೆಯ ತೂಬನ್ನು ತೆರೆದು ನೀರು ಹರಿಯತೊಡಗಿದಾಗಲೇ ಕೊನೆಯ ರೈತನ ಗದ್ದೆಗೆ ನೀರು ಬಾರದಿರುವುದು ತಿಳಿಯುತ್ತದೆ. ಇದರಂತೆ ಹೀಟರಿನ ತಂತಿಯನ್ನು ಬಿಚ್ಚಿ ಬರಿಯ ತಂತಿಯ ತುದಿಗೆ ಬಲ್ಬನ್ನು ಹಿಡಿದರೆ ತುಕ್ಕು ಹಿಡಿದ ಜೋಡಣೆಯ ಮೂಲಕವೂ ಬಲ್ಬು ಚೆನ್ನಾಗಿಯೇ ಉರಿಯುತ್ತದೆ. ಬಲ್ಬಿಗೆ ಬೇಕಾದುದು ಸ್ವಲ್ಪವೇ ವಿದ್ಯುತ್ತು. ಅದೇ ಜೋಡಣೆಯು ಹೀಟರಿನ 100 ಆಂಪಿಯರನ್ನು ಬಿಡುವುದಿಲ್ಲ.

ಹೀಟರು ಕಾಯುತ್ತಿರುವಾಗ ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಪ್ಲಸ್ ಕಂಬಕ್ಕೂ ಇನ್ನೊಂದನ್ನು ಹೀಟರಿನ ಬೋಲ್ಟಿಗೂ ಹಿಡಿದರೆ, ದಾರಿಯಲ್ಲಿ ಎಷ್ಟು ವೋಲ್ಟು ಸೋರಿತೆಂಬುದನ್ನು ಮೀಟರು ನೇರವಾಗಿ ತೋರಿಸುತ್ತದೆ. ಅನಂತರ ಅದೇ ದಾರಿಯನ್ನು ತುಂಡು ತುಂಡಾಗಿ ಅಳೆಯಬೇಕು: ಬ್ಯಾಟರಿಯಿಂದ ಫ್ಯೂಸಿಗೆ, ಫ್ಯೂಸಿನ ಎರಡು ಕಡೆಗೆ, ರಿಲೇಯ ಎರಡು ದಪ್ಪ ಬೋಲ್ಟುಗಳಿಗೆ, ರಿಲೇಯಿಂದ ಹೀಟರಿಗೆ. ಎಲ್ಲಿ ಹೆಚ್ಚು ವೋಲ್ಟು ಕಾಣಿಸುತ್ತದೆಯೋ ಅಲ್ಲಿಯೇ ಹೂಳು. ಹಿಂತಿರುಗುವ ದಾರಿಯನ್ನೂ ಎಂಜಿನಿನ ಮೈಯಿಂದ ಬ್ಯಾಟರಿಯ ಮೈನಸ್ ಕಂಬದವರೆಗೆ ಹೀಗೆಯೇ ಅಳೆಯಬೇಕು, ಅಲ್ಲಿ 0.2 ವೋಲ್ಟಿಗಿಂತ ಬಹಳ ಹೆಚ್ಚಾದರೆ ಅರ್ತಿಂಗ್ ಪಟ್ಟಿಯನ್ನು ಬಿಚ್ಚಿ, ಬಣ್ಣವನ್ನೂ ತುಕ್ಕನ್ನೂ ಉಜ್ಜಿ ತೆಗೆದು, ಮತ್ತೆ ಬಿಗಿಯಬೇಕು. ಕೆಸರುಗದ್ದೆಯ ನೀರಿನಲ್ಲಿ ನಡೆಯುವ ಮತ್ತು ರಸಗೊಬ್ಬರವನ್ನು ಸಾಗಿಸುವ ಟ್ರಾಕ್ಟರುಗಳಲ್ಲಿ ಈ ಜೋಡಣೆಗಳು ಬೇಗ ಕೆಡುತ್ತವೆ.

ನಾಲ್ಕನೆಯ ಹೆಜ್ಜೆ. ಗ್ಲೋ ಪ್ಲಗ್ಗುಗಳಿದ್ದರೆ, ಬ್ಯಾಟರಿಯ ಮೈನಸ್ ತಂತಿಯನ್ನು ಬಿಚ್ಚಿ, ಅವುಗಳನ್ನು ಒಂದಕ್ಕೊಂದು ಸೇರಿಸಿರುವ ಪಟ್ಟಿಯನ್ನು ತೆಗೆದು, ಒಂದೊಂದನ್ನೂ ಬೇರೆಯಾಗಿ ಪರೀಕ್ಷಿಸಬೇಕು. ಮೀಟರನ್ನು ಓಮ್ ಅಳತೆಗೆ ಇಟ್ಟು, ಕಡ್ಡಿಯ ತಲೆಗೂ ಎಂಜಿನಿನ ಮೈಗೂ ಹಿಡಿದರೆ, ಒಳ್ಳೆಯ ಕಡ್ಡಿಯು ಬಹಳ ಕಡಮೆ, ಸಾಮಾನ್ಯವಾಗಿ ಒಂದು ಓಮಿನ ಆಸುಪಾಸಿನ ಅಥವಾ ಅದಕ್ಕಿಂತ ಕಡಮೆಯ ಅಂಕಿಯನ್ನು ತೋರಿಸುತ್ತದೆ. ಕಡಿದ ಕಡ್ಡಿಯು ದಾರಿಯೇ ಇಲ್ಲವೆಂದು ತೋರಿಸುತ್ತದೆ. ಸಣ್ಣ ಅಂಕಿಗಳನ್ನು ಸಾಧಾರಣ ಮೀಟರು ನಿಖರವಾಗಿ ಅಳೆಯಲಾರದಾದುದರಿಂದ, ನಾಲ್ಕು ಕಡ್ಡಿಗಳನ್ನೂ ಒಂದಕ್ಕೊಂದು ಹೋಲಿಸಿ ನೋಡುವುದೇ ಮೇಲು; ಮೂರು ಒಂದೇ ತೆರನಾಗಿದ್ದು ಒಂದು ಬೇರೆಯಾಗಿದ್ದರೆ ಅದೇ ದೋಷಿ. ಗಾಳಿಯ ಹೀಟರಿನ ಓಮ್ ಅಂತೂ ಇನ್ನೂ ಸಣ್ಣದು. ಅದನ್ನು ಕ್ಲ್ಯಾಂಪ್ ಮೀಟರಿನಿಂದ ವಿದ್ಯುತ್ತನ್ನು ಅಳೆದೇ ತಿಳಿಯಬೇಕು. ಥರ್ಮೋಸ್ಟಾರ್ಟಿನಲ್ಲಿ ಸುರುಳಿಯು ಸರಿಯಾಗಿ ಕಂಡರೆ ಅದಕ್ಕೆ ಬರುವ ಡೀಸೆಲ್ ಕೊಳವೆಯನ್ನು ಸಡಿಲಿಸಿ, ಇಂಧನವು ಬರುತ್ತದೆಯೆ ಎಂದು ನೋಡಬೇಕು.

6. ಎರಡು ಉದಾಹರಣೆಗಳು

ನಾಲ್ಕು ಸಿಲಿಂಡರಿನ ಒಂದು ಎಂಜಿನಿನಲ್ಲಿ ಪ್ರತಿ ಗ್ಲೋ ಪ್ಲಗ್ಗೂ ಕಾದ ಮೇಲೆ 10 ಆಂಪಿಯರ್ ಎಳೆಯುತ್ತದೆಂದು ಇಟ್ಟುಕೊಳ್ಳಬಹುದು. ನಾಲ್ಕಕ್ಕೂ ಹೋಗುವ ತಂತಿಯನ್ನು ಕ್ಲ್ಯಾಂಪ್ ಮೀಟರಿನ ಬಾಯೊಳಗೆ ಹಿಡಿದಾಗ 40 ಆಂಪಿಯರ್ ತೋರಬೇಕು. 30 ತೋರಿದರೆ ಒಂದು ಕಡ್ಡಿಯೂ 20 ತೋರಿದರೆ ಎರಡು ಕಡ್ಡಿಗಳೂ ಸತ್ತಿವೆ. ಏನನ್ನೂ ಬಿಚ್ಚದೆಯೇ ಇಷ್ಟು ತಿಳಿಯುತ್ತದೆ. ಒಂದು ಕಡ್ಡಿ ಸತ್ತ ಎಂಜಿನು ಚಾಲೂ ಆದರೂ ಕೆಲವು ನಿಮಿಷಗಳವರೆಗೆ ಕುಂಟುತ್ತಾ ಬಿಳಿಯ ಹೊಗೆಯನ್ನು ಬಿಡುವುದುಂಟು.

ಇನ್ನೊಂದು ಎಂಜಿನಿನಲ್ಲಿ ಗಾಳಿಯ ಹೀಟರಿದೆ. ಹೀಟರು ಕಾಯುವಾಗ ಬ್ಯಾಟರಿಯು 11.8 ವೋಲ್ಟನ್ನೂ ಹೀಟರಿನ ಬೋಲ್ಟು 9 ವೋಲ್ಟನ್ನೂ ತೋರಿಸುತ್ತವೆ. ನಡುವೆ 2.8 ವೋಲ್ಟು ಸೋರಿದೆ. ತುಂಡು ತುಂಡಾಗಿ ಅಳೆದಾಗ ರಿಲೇಯ ಎರಡು ದಪ್ಪ ಬೋಲ್ಟುಗಳ ನಡುವೆಯೇ 2.2 ವೋಲ್ಟು ಕಾಣುತ್ತದೆ. ರಿಲೇಯೊಳಗಿನ ತಾಗುವ ಮುಖಗಳು ಸುಟ್ಟಿವೆಯೆಂದು ಸ್ಪಷ್ಟವಾಯಿತು. ಕಾವು ವೋಲ್ಟೇಜಿನ ವರ್ಗದಂತೆ ಇಳಿಯುವುದರಿಂದ, ವೋಲ್ಟೇಜಿನ ಕಾಲುಭಾಗ ಹೋದರೂ ಹೀಟರಿಗೆ ದೊರೆಯುವುದು ಸುಮಾರು ನೂರಕ್ಕೆ 58ರಷ್ಟು ಕಾವು ಮಾತ್ರ. 11.8 ವೋಲ್ಟಿಗೆ 100 ಆಂಪಿಯರ್ ಎಳೆಯುವ ಹೀಟರು 9 ವೋಲ್ಟಿಗೆ ಸುಮಾರು 76 ಆಂಪಿಯರ್ ಎಳೆಯುತ್ತದೆ. ಆಗ ರಿಲೇಯೊಳಗೆ ವ್ಯರ್ಥವಾಗುವುದು 165 ವ್ಯಾಟಿಗೂ ಮೇಲೆ. ಮುಷ್ಟಿಯಷ್ಟಿರುವ ರಿಲೇಯು ಕೈ ಇಡಲಾಗದಂತೆ ಸುಡುವುದು ಇದರಿಂದಲೇ. ಇಲ್ಲಿ ಹೀಟರು ಕಾಯುತ್ತಿಲ್ಲವೆಂದು ಹೀಟರನ್ನು ಕೊಂಡಿದ್ದರೆ ಹೊಸ ಹೀಟರೂ ಹಾಗೆಯೇ ಉಗುರುಬೆಚ್ಚಗಾಗಿ ಉಳಿಯುತ್ತಿತ್ತು.

7. ಮುಚ್ಚದ ತೂಬು

ಇದುವರೆಗೆ ಹೇಳಿದುದು ತೆರೆಯದ ತೂಬಿನ ವಿಷಯ. ಮುಚ್ಚದ ತೂಬು ಅದಕ್ಕಿಂತಲೂ ಅಪಾಯಕರ. ರಿಲೇಯ ಮುಖಗಳು ಸುಟ್ಟು ಒಂದಕ್ಕೊಂದು ಬೆಸೆದುಕೊಂಡರೆ, ಕೀಲಿಯನ್ನು ತೆಗೆದ ಮೇಲೆಯೂ ಹೀಟರು ಕಾಯುತ್ತಲೇ ಇರುತ್ತದೆ. ರಾತ್ರಿಯಲ್ಲಿ ಬ್ಯಾಟರಿಯು ಪೂರ್ಣವಾಗಿ ಬರಿದಾಗುವುದು, ಗ್ಲೋ ಪ್ಲಗ್ಗಿನ ತುದಿಯು ಊದಿ ಕರಗುವುದು, ತಂತಿಯ ಮೈ ಕರಗಿ ಬೆಂಕಿ ಹತ್ತುವುದು ಇವೆಲ್ಲಕ್ಕೂ ಇದು ಕಾರಣವಾಗಬಹುದು. ಪ್ರತಿ ದಿನ ಬೆಳಗ್ಗೆ ಬ್ಯಾಟರಿಯು ಬರಿದಾಗುತ್ತಿದ್ದರೆ ಹೊಸ ಬ್ಯಾಟರಿಯನ್ನು ಕೊಳ್ಳುವ ಮುಂಚೆ, ಕೀಲಿಯನ್ನು ತೆಗೆದು ಸ್ವಲ್ಪ ಹೊತ್ತಾದ ಮೇಲೆ ಹೀಟರಿನ ಬೋಲ್ಟಿನಲ್ಲಿ ವೋಲ್ಟೇಜು ಉಳಿದಿದೆಯೆ ಎಂದು ನೋಡತಕ್ಕದ್ದು. ಉಳಿದಿದ್ದರೆ ಕೂಡಲೇ ಬ್ಯಾಟರಿಯ ಮೈನಸ್ ತಂತಿಯನ್ನು ಬಿಚ್ಚಿ ರಿಲೇಯನ್ನು ಬದಲಿಸಬೇಕು. ಆದರೆ ಕೆಲವು ಎಂಜಿನುಗಳಲ್ಲಿ ಚಾಲೂ ಆದ ಮೇಲೆಯೂ ಹೊಗೆಯನ್ನು ಕಡಮೆಮಾಡಲು ನಿಯಂತ್ರಕವು ಸ್ವಲ್ಪ ಕಾಲ ಹೀಟರನ್ನು ನಡೆಸುತ್ತದೆ; ಎಂಜಿನು ನಡೆಯುತ್ತಿರುವಾಗ ಕಾಣುವ ಈ ಕಾವು ದೋಷವಲ್ಲ.

8. ಎಂದಿಗೂ ಮಾಡಬಾರದ ಕೆಲಸಗಳು

ಈಥರ್ ಇರುವ ಸ್ಟಾರ್ಟಿಂಗ್ ಸ್ಪ್ರೇಯನ್ನು, ಗ್ಲೋ ಪ್ಲಗ್ಗೋ ಗಾಳಿಯ ಹೀಟರೋ ಥರ್ಮೋಸ್ಟಾರ್ಟೋ ಇರುವ ಎಂಜಿನಿಗೆ ಹೊಡೆಯಕೂಡದು. ಕಾದ ತಂತಿಗೆ ತಗುಲಿದ ಈಥರ್ ಮ್ಯಾನಿಫೋಲ್ಡಿನಲ್ಲಿಯೇ ಸಿಡಿದು ಮುಖವನ್ನು ಸುಡಬಹುದು. ಪಿಸ್ಟನ್ನು, ರಿಂಗುಗಳು ಮುರಿಯಲೂಬಹುದು.

ಡೀಸೆಲಿನಲ್ಲಿ ಅದ್ದಿದ ಬಟ್ಟೆಗೆ ಬೆಂಕಿ ಹಚ್ಚಿ ಏರ್ ಕ್ಲೀನರಿನ ಬಾಯಿಗೆ ಹಿಡಿಯುವ ವಾಡಿಕೆಯನ್ನು ಬಿಡಬೇಕು. ಏರ್ ಕ್ಲೀನರಿನಲ್ಲಿ ಎಣ್ಣೆಯೂ ಕಾಗದದ ಫಿಲ್ಟರೂ ಇರುತ್ತವೆ; ಕಣದಲ್ಲಿ ಹುಲ್ಲಿನ ಬಣವೆ ಹತ್ತಿರದಲ್ಲಿಯೇ ಇರುತ್ತದೆ.

ಸ್ಕ್ರೂಡ್ರೈವರನ್ನು ಸೆಲ್ಫಿನ ಬೋಲ್ಟುಗಳಿಗೆ ಅಡ್ಡ ಹಿಡಿದು, ನೆಲದ ಮೇಲೆ ನಿಂತು ಟ್ರಾಕ್ಟರನ್ನು ಚಾಲೂ ಮಾಡುವುದು ಎಲ್ಲಕ್ಕಿಂತ ಘೋರವಾದ ತಪ್ಪು. ಗೇರಿನಲ್ಲಿದ್ದರೆ ಚಾಲೂ ಆಗದಂತೆ ತಡೆಯುವ ಸುರಕ್ಷತಾ ಸ್ವಿಚ್ಚು ಇದರಿಂದ ಕೆಲಸಕ್ಕೆ ಬಾರದೆ ಹೋಗುತ್ತದೆ. ಟ್ರಾಕ್ಟರು ಗೇರಿನಲ್ಲಿದ್ದರೆ ಎಂಜಿನು ಹೊತ್ತಿಕೊಂಡ ಕ್ಷಣವೇ ಮುಂದಕ್ಕೆ ಹಾರಿ, ಹಿಂಬದಿಯ ಚಕ್ರವು ಎದುರಿಗೆ ನಿಂತವನ ಮೇಲೆ ಹರಿಯುತ್ತದೆ. ಹೀಗೆ ಪ್ರಾಣ ಹೋದ ಅಪಘಾತಗಳು ಅನೇಕ ದೇಶಗಳಲ್ಲಿ ನಡೆದಿವೆ. ಹೋದ ಒಂದು ದಿನದ ಕೆಲಸವನ್ನು ಮರುದಿನ ಮಾಡಬಹುದು. ಹೋದ ಮನುಷ್ಯನು ಬಾರನು.

9. ಹೊಸ ಎಂಜಿನುಗಳ ವಿಷಯ

ಭಾರತದಲ್ಲಿ ಸುಮಾರು 50 ಅಶ್ವಶಕ್ತಿಗೆ ಮೇಲ್ಪಟ್ಟ ಹೊಸ ಟ್ರಾಕ್ಟರುಗಳಿಗೆ 2023ರ ಜನವರಿ 1ರಿಂದ ಹೊಗೆಯ ವಿಷಯದಲ್ಲಿ ಬಿಗಿಯಾದ ನಿಯಮಗಳು ಜಾರಿಗೆ ಬಂದಿವೆ. ಇದರಿಂದಾಗಿ ಗಣಕದಂತಹ ನಿಯಂತ್ರಕವುಳ್ಳ ಎಂಜಿನುಗಳು ಗ್ರಾಮಗಳಿಗೆ ಬರುತ್ತಿವೆ. ಇವುಗಳಲ್ಲಿ ಕೆಲವಕ್ಕೆ ಅಳವಡಿಸಿರುವ ಗ್ಲೋ ಪ್ಲಗ್ಗುಗಳು 12 ವೋಲ್ಟಿಗೆ ಮಾಡಿದವುಗಳಲ್ಲ. ಅವುಗಳಿಗೆ ಇನ್ನೂ ಕಡಮೆ ವೋಲ್ಟೇಜು ಸಾಕಾಗಿದ್ದು, ನಿಯಂತ್ರಕವು ವಿದ್ಯುತ್ತನ್ನು ತುಣುಕು ತುಣುಕಾಗಿ ಕೊಡುತ್ತದೆ. ಅಂತಹ ಕಡ್ಡಿಗೆ ಬ್ಯಾಟರಿಯಿಂದ ನೇರವಾಗಿ ತಂತಿ ಹಿಡಿದು ಪರೀಕ್ಷಿಸಿದರೆ ಒಳ್ಳೆಯ ಕಡ್ಡಿಯೇ ಸುಟ್ಟುಹೋಗುತ್ತದೆ. ನಿಯಂತ್ರಕವು ತಾನೇ ಗುರುತಿಸಿಟ್ಟ ದೋಷದ ಸಂಖ್ಯೆಯನ್ನು ಮೊದಲು ಓದಿಸಿ, ಆಮೇಲೆ ಮೇಲ್ಕಂಡ ವೋಲ್ಟೇಜಿನ ಪರೀಕ್ಷೆಯನ್ನು ಮಾಡುವುದು ಕ್ರಮ. ಆ ಸಂಖ್ಯೆಯು ದೋಷವಿರುವ ದಾರಿಯನ್ನು ಹೇಳುವುದೇ ಹೊರತು ಕೊಳ್ಳಬೇಕಾದ ಭಾಗವನ್ನು ಹೇಳುವುದಿಲ್ಲ.

10. ಹೀಟರಿನ ಹಿಂದೆ ಅಡಗಿದ ರೋಗ

ಕೊನೆಯದಾಗಿ ಒಂದು ಮುಖ್ಯ ವಿಷಯವನ್ನು ಗಮನಿಸತಕ್ಕದ್ದು. ಲಡಾಖಿನಂತಹ ಹಿಮದ ನಾಡಿನಲ್ಲಿ ಕಾವಿನ ಸಾಧನವಿಲ್ಲದೆ ಡೀಸೆಲ್ ಎಂಜಿನನ್ನು ನಡೆಸುವುದು ಕಷ್ಟ. ತುಂಗಭದ್ರೆಯ ದಡದ ಚಳಿಯು ಅಂತಹುದಲ್ಲ. ಗ್ಲೋ ಪ್ಲಗ್ಗಿನ ಪುಟ್ಟ ಕೋಣೆಯಲ್ಲಿ ಇಂಧನವು ಹೊತ್ತಿಕೊಳ್ಳುವ ಬಗೆಯ ಎಂಜಿನುಗಳಿಗೆ ಇಲ್ಲಿಯೂ ಬೆಳಗಿನ ಕಾವು ಬೇಕಾಗುವುದು ನಿಜ. ಆದರೆ ಪಿಸ್ಟನ್ನಿನ ಮೇಲೆಯೇ ನೇರವಾಗಿ ಇಂಧನವನ್ನು ಸಿಂಪಡಿಸುವ ಎಂಜಿನು, ಅಂದರೆ ಈಗಿನ ಬಹುಪಾಲು ಟ್ರಾಕ್ಟರು ಮತ್ತು ಲಾರಿಗಳ ಎಂಜಿನು, ಆರೋಗ್ಯವಾಗಿದ್ದರೆ 15 ಡಿಗ್ರಿಯ ಬೆಳಗಿನಲ್ಲಿ ಹೀಟರಿನ ಸಹಾಯವಿಲ್ಲದೆಯೂ ಸಾಮಾನ್ಯವಾಗಿ ಚಾಲೂ ಆಗತಕ್ಕದ್ದು. ಹಾಗೆ ಆಗದೆ, ಹೀಟರನ್ನು ಸರಿಪಡಿಸಿದ ಮೇಲೆಯೇ ಆಗುತ್ತಿದ್ದರೆ, ರಿಂಗುಗಳು ಸವೆದು ಒತ್ತಡವು ಕುಂದಿದೆಯೆ, ವಾಲ್ವುಗಳು ಸರಿಯಾಗಿ ಕೂರುತ್ತಿಲ್ಲವೆ, ಇಂಜೆಕ್ಟರಿನ ನಾಜಲ್ಲು ಸಿಂಪಡಿಸದೆ ತೊಟ್ಟಿಕ್ಕುತ್ತಿದೆಯೆ, ಬ್ಯಾಟರಿಯು ಮುದಿಯಾಗಿದೆಯೆ ಎಂದು ಪರೀಕ್ಷೆ ಮಾಡಿಸುವುದು ಒಳ್ಳೆಯದು. ಮುದುಕನು ಕೋಲನ್ನು ಹಿಡಿದು ನಡೆದನೆಂದ ಮಾತ್ರಕ್ಕೆ ಅವನ ಕಾಲಿಗೆ ಬಲ ಬಂದಂತಾಗುವುದಿಲ್ಲ.

11. ಚಳಿಗಾಲಕ್ಕೆ ಮುಂಚಿನ ಸಿದ್ಧತೆ

ದೀಪಾವಳಿಯ ಹೊತ್ತಿಗೆ ಪ್ರತಿಯೊಬ್ಬ ಯಂತ್ರದ ಮಾಲೀಕನೂ ಬ್ಯಾಟರಿಯ ಕಂಬಗಳನ್ನು ಬಿಸಿನೀರಿನಿಂದ ತೊಳೆದು ಒರಸಿ, ಜೋಡಣೆಗಳನ್ನು ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿಯನ್ನು ಸವರಬೇಕು. ಅರ್ತಿಂಗ್ ಪಟ್ಟಿಯನ್ನು ನೋಡಬೇಕು. ಎಲ್ಲಕ್ಕಿಂತ ಉಪಯುಕ್ತವಾದುದು, ಎಂಜಿನು ಆರೋಗ್ಯವಾಗಿರುವ ದಿನದಲ್ಲಿಯೇ ಬ್ಯಾಟರಿಯ ವೋಲ್ಟೇಜು, ತಿರುಗಿಸುವಾಗಿನ ವೋಲ್ಟೇಜು, ಹೀಟರಿನ ಬೋಲ್ಟಿನ ವೋಲ್ಟೇಜು, ಸಾಧ್ಯವಾದರೆ ಹೀಟರು ಎಳೆಯುವ ಆಂಪಿಯರು, ಈ ನಾಲ್ಕನ್ನು ಅಳೆದು ಒಂದು ಪುಸ್ತಕದಲ್ಲಿ ಬರೆದಿಡುವುದು. ಕೆಟ್ಟ ದಿನದಲ್ಲಿ ಆ ಅಂಕಿಗಳಿಗೆ ಹೋಲಿಸಿದರೆ ದೋಷವು ತಾನಾಗಿಯೇ ಎದ್ದು ಕಾಣುವುದು.

ಮಲ್ಟಿಮೀಟರನ್ನೂ ಕ್ಲ್ಯಾಂಪ್ ಮೀಟರನ್ನೂ ಪ್ರತಿಯೊಬ್ಬನೂ ಕೊಳ್ಳಬೇಕೆಂದಿಲ್ಲ. ಗ್ರಾಮದ ಮುಖ್ಯಸ್ಥರು ಮುಂದೆ ಬಂದು ಸಹಕಾರ ಸಂಘದಲ್ಲಿಯೋ ಯಂತ್ರಗಳನ್ನು ಬಾಡಿಗೆಗೆ ಕೊಡುವ ಕೇಂದ್ರದಲ್ಲಿಯೋ ಒಂದೊಂದನ್ನು ಎಲ್ಲರ ಉಪಯೋಗಕ್ಕೆ ಇರಿಸಿ, ಓದುಬರಹ ಬಲ್ಲ ಇಬ್ಬರು ಯುವಕರಿಗೆ ಅದನ್ನು ಹಿಡಿಯುವ ಕ್ರಮವನ್ನು ಕಲಿಸಿದರೆ ಇಡೀ ಗ್ರಾಮಕ್ಕೆ ಸಾಕು. ಬ್ಯಾಟರಿ, ಹೊಗೆ, ಹೀಟರಿನ ಬೋಲ್ಟು, ರಿಲೇ, ಅರ್ತಿಂಗ್ ಎಂಬ ಕ್ರಮವನ್ನು ತಪ್ಪದೆ ಅನುಸರಿಸಿದರೆ ಸಾಧಾರಣವಾಗಿ ಅರ್ಧ ಗಂಟೆಯೊಳಗೆ ದೋಷದ ಸ್ಥಳವು ತಿಳಿಯುವುದು. ಆಮೇಲೆ ಕೊಳ್ಳಬೇಕಾದುದು ಒಂದೇ ಭಾಗ. ಅನೇಕ ವೇಳೆ ಏನನ್ನೂ ಕೊಳ್ಳದೆ ಉಪ್ಪುಕಾಗದ, ಸ್ಪಾನರುಗಳಿಂದಲೇ ಕೆಲಸವು ಮುಗಿಯುವುದು.